ಟಾರ್ಟ್ ಕಾನೂನು: ಬೆಳೆದ ಬಗೆ, ಉಳಿದ ಕೊರತೆ

ಒಬ್ಬರ ತಪ್ಪಿನಿಂದ ಇನ್ನೊಬ್ಬರಿಗೆ ಹಾನಿಯಾದಾಗ, ಇಬ್ಬರ ನಡುವೆ ಕರಾರು ಇಲ್ಲದಿದ್ದರೂ ಹಾನಿಗೊಳಗಾದವರು ಸಿವಿಲ್ ನ್ಯಾಯಾಲಯದಲ್ಲಿ ನಷ್ಟಪರಿಹಾರ ಕೇಳಬಹುದು. ಇಂಥ ತಪ್ಪಿಗೆ ಇಂಗ್ಲಿಷ್ ಕಾನೂನಿನಲ್ಲಿ ಟಾರ್ಟ್ ಎಂದು ಹೆಸರು; ಕನ್ನಡದ ಕಾನೂನು ಬರಹದಲ್ಲಿ ಅಪಕೃತ್ಯ ಎಂಬ ಪದ ಬಳಕೆಯಲ್ಲಿದೆ. ನಿರ್ಲಕ್ಷ್ಯ, ಮಾನಹಾನಿ, ಉಪದ್ರವ, ಅತಿಕ್ರಮ ಪ್ರವೇಶ, ಅಕ್ರಮ ಬಂಧನ ಇವೆಲ್ಲ ಇದರ ವ್ಯಾಪ್ತಿಗೆ ಬರುತ್ತವೆ. ಕರಾರಿನ ಉಲ್ಲಂಘನೆ ಅಥವಾ ನ್ಯಾಸದ ಉಲ್ಲಂಘನೆ ಮಾತ್ರವೇ ಆಗಿರದ ಸಿವಿಲ್ ತಪ್ಪು ಎಂಬುದು 1963ರ ಪರಿಮಿತಿ ಅಧಿನಿಯಮ ಕೊಡುವ ಅರ್ಥ. ಒಂದೇ ಕೃತ್ಯ ಅಪರಾಧವೂ ಅಪಕೃತ್ಯವೂ ಆಗಬಹುದು. ಅಜಾಗರೂಕ ಚಾಲಕನ ಮೇಲೆ ಪೊಲೀಸರು ಹೂಡುವ ಮೊಕದ್ದಮೆ ಅವನನ್ನು ಶಿಕ್ಷಿಸಲು. ಗಾಯಾಳು ಹೂಡುವ ದಾವೆ ತನ್ನ ನಷ್ಟ ತುಂಬಿಕೊಳ್ಳಲು. ಭಾರತದಲ್ಲಿ ಈ ಶಾಖೆ ಹೆಸರಿಗಷ್ಟೇ ಇದೆ, ರಿಟ್ ಅರ್ಜಿ ಮತ್ತು ಗ್ರಾಹಕ ವೇದಿಕೆಗಳು ಬಂದ ಮೇಲೆ ಅದರ ಅಗತ್ಯ ಮುಗಿದಿದೆ ಎಂಬ ಅಭಿಪ್ರಾಯ ಈಗ ಪ್ರಚಲಿತವಾಗಿದೆ. ಶಾಖೆ ಬೆಳೆದು ಬಂದ ಬಗೆಯನ್ನು ಗಮನಿಸಿದರೆ ಈ ಅಭಿಪ್ರಾಯ ನಿಲ್ಲುವುದಿಲ್ಲ.

ಟಾರ್ಟ್ ಪದದ ಮೂಲ 'ತಿರುಚಿದ್ದು' ಎಂಬ ಅರ್ಥದ ಲ್ಯಾಟಿನ್ ಶಬ್ದ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಫ್ರೆಂಚ್ ನ್ಯಾಯಾಲಯಗಳ ಭಾಷೆಯಾಯಿತು. ಅದರೊಡನೆ ಈ ಪದವೂ 'ಅನ್ಯಾಯ' ಎಂಬ ಅರ್ಥದಲ್ಲಿ ನೆಲೆಯಾಯಿತು. ಆ ಕಾಲದ ದಾವೆಗಳು ರಾಜನ ಹೆಸರಿನ ಆಜ್ಞೆಗಳಾದ ರಿಟ್‌ಗಳ ನಿಗದಿತ ನಮೂನೆಗಳಲ್ಲೇ ನಡೆಯಬೇಕಿತ್ತು. ಬಲಪ್ರಯೋಗದ ನೇರ ಹಾನಿಗೆ ಟ್ರೆಸ್‌ಪಾಸ್ ರಿಟ್ ಇತ್ತು. 14ನೇ ಶತಮಾನದಿಂದ ಪರೋಕ್ಷ ಹಾನಿಗೂ 'ಕೇಸ್' ಎಂಬ ದಾವೆಯ ದಾರಿ ತೆರೆಯಿತು. 1873–75ರ ನ್ಯಾಯಾಂಗ ಕಾಯಿದೆಗಳು ಹಳೆಯ ನಮೂನೆಗಳನ್ನು ಕೊನೆಗಾಣಿಸಿದವು. ಯಾವ ರಿಟ್ ಎಂಬ ಪ್ರಶ್ನೆ ಹೋಗಿ, ಯಾವ ಕರ್ತವ್ಯದ ಉಲ್ಲಂಘನೆ ಎಂಬ ಪ್ರಶ್ನೆ ಮುಂದೆ ಬಂತು.

ಶಾಸ್ತ್ರರೂಪ ಬಂದದ್ದು ಗ್ರಂಥಕರ್ತರಿಂದ. ಫ್ರೆಡರಿಕ್ ಪೊಲಾಕ್ ಅವರ ಗ್ರಂಥ 1887ರಲ್ಲಿ, ಜಾನ್ ಸಾಲ್ಮಂಡ್ ಅವರದು 1907ರಲ್ಲಿ ಪ್ರಕಟವಾದವು. ಎಲ್ಲ ಅಪಕೃತ್ಯಗಳಿಗೂ ಆಧಾರವಾದ ಒಂದೇ ತತ್ತ್ವ ಇಲ್ಲ, ಹೆಸರುಳ್ಳ ಬಿಡಿ ತಪ್ಪುಗಳಷ್ಟೇ ಇವೆ ಎಂಬುದು ಸಾಲ್ಮಂಡ್ ಪಕ್ಷ. ಸಮರ್ಥನೆಯಿಲ್ಲದೆ ಮಾಡಿದ ಪ್ರತಿ ಹಾನಿಯೂ ಅಪಕೃತ್ಯವೇ ಎಂಬುದು ಪರ್ಸಿ ವಿನ್‌ಫೀಲ್ಡ್ ಪಕ್ಷ. ಇದೇ ವಿನ್‌ಫೀಲ್ಡ್ 1930ರ ಟಾಗೋರ್ ಕಾನೂನು ಉಪನ್ಯಾಸಗಳನ್ನು ಕೊಟ್ಟದ್ದು ಕಲ್ಕತ್ತಾ ವಿಶ್ವವಿದ್ಯಾಲಯಕ್ಕಾಗಿ. ಶಾಖೆಯ ಎಲ್ಲೆಗಳನ್ನು ಕುರಿತ ಅವರ ಹೆಸರಾಂತ ಗ್ರಂಥದ ಮೂಲ ಆ ಉಪನ್ಯಾಸಗಳೇ. 1932ರ ಡೊನಹ್ಯೂ ತೀರ್ಪು ವಿನ್‌ಫೀಲ್ಡ್ ಪಕ್ಷಕ್ಕೆ ಬಲ ಕೊಟ್ಟಿತು. ಸ್ಕಾಟ್ಲೆಂಡಿನ ಪೈಸ್ಲಿಯಲ್ಲಿ ಗೆಳತಿ ಕೊಡಿಸಿದ ಜಿಂಜರ್ ಬಿಯರ್ ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತೆಂಬುದು ದಾವೆಯ ಆಧಾರ. ಕುಡಿದವಳಿಗೂ ತಯಾರಕನಿಗೂ ಕರಾರು ಇರಲಿಲ್ಲ. ಆದರೂ, ನಮ್ಮ ಕೆಲಸದಿಂದ ಯಾರಿಗೆ ಹಾನಿಯಾಗಬಹುದೆಂದು ಮುಂಗಾಣಬಹುದೋ ಅವರ ಬಗ್ಗೆ ಎಚ್ಚರ ವಹಿಸುವುದು ಕರ್ತವ್ಯ ಎಂದು ತೀರ್ಪು ಕೊಟ್ಟ ನ್ಯಾಯಾಧೀಶರಲ್ಲೊಬ್ಬರಾದ ಲಾರ್ಡ್ ಆಟ್ಕಿನ್ ಹೇಳಿದರು. ಇಂದಿನ ನಿರ್ಲಕ್ಷ್ಯ ಕಾನೂನು ಈ ಮಾತಿನ ಮೇಲೆ ನಿಂತಿದೆ.

ಬ್ರಿಟಿಷರ ಆಡಳಿತದಲ್ಲಿ ಭಾರತಕ್ಕೆ ಅಪರಾಧ, ಕರಾರು, ಸಾಕ್ಷ್ಯ ಎಲ್ಲಕ್ಕೂ ಸಂಹಿತೆ ಬಂತು, ಅಪಕೃತ್ಯಕ್ಕೆ ಬರಲಿಲ್ಲ. ಭಾರತ ಸರ್ಕಾರಕ್ಕಾಗಿ ಪೊಲಾಕ್ 1886ರಲ್ಲಿ ಸಿದ್ಧಪಡಿಸಿದ ಕರಡು ಮಸೂದೆ ಕಾಯಿದೆಯಾಗದೆ ಉಳಿಯಿತು. ನ್ಯಾಯ, ಸಮತೆ, ಸದ್ವಿವೇಕ ಎಂಬ ಸೂತ್ರದ ಮೇಲೆಯೇ ನ್ಯಾಯಾಲಯಗಳು ನಡೆದವು. ಈ ಮಾತಿಗೆ ಸಾಮಾನ್ಯವಾಗಿ ಇಂಗ್ಲಿಷ್ ಕಾನೂನಿನ ನಿಯಮಗಳೆಂದೇ ಅರ್ಥ, ಅವು ಇಲ್ಲಿನ ಸಮಾಜಕ್ಕೂ ಪರಿಸ್ಥಿತಿಗೂ ಹೊಂದಬೇಕು ಎಂದು ಆಗಿನ ಅಂತಿಮ ಮೇಲ್ಮನವಿ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್ 1887ರಲ್ಲಿ ಹೇಳಿತು. ಈ ಷರತ್ತನ್ನು ಮರೆತವರೇ ಭಾರತದ ಟಾರ್ಟ್ ಕಾನೂನು ಬರಿಯ ನಕಲು ಎನ್ನುತ್ತಾರೆ.

ಸರ್ಕಾರದ ಹೊಣೆಯ ಪ್ರಶ್ನೆ ಈ ಶಾಖೆಯನ್ನು ಬಹುಕಾಲ ಕಾಡಿದೆ. ಕಲ್ಕತ್ತೆಯ ಕಿಡ್ಡರ್‌ಪುರ ಹಡಗುಕಟ್ಟೆಯ ಸರ್ಕಾರಿ ಕೆಲಸಗಾರರು ಒಯ್ಯುತ್ತಿದ್ದ ಕಬ್ಬಿಣದಿಂದ ಹಡಗು ಕಂಪನಿಯೊಂದರ ಕುದುರೆಗೆ ಗಾಯವಾಯಿತು. 1861ರ ಆ ತೀರ್ಪು ಕಂಪನಿಯ ಪರವಾಗಿತ್ತು. ಆದರೆ ಸಾರ್ವಭೌಮ ಕಾರ್ಯಗಳಿಗೆ, ಅಂದರೆ ರಾಜ್ಯಾಧಿಕಾರದಿಂದ ಮಾತ್ರ ನಡೆಯುವ ಕೆಲಸಗಳಿಗೆ, ಸರ್ಕಾರ ಹೊಣೆಯಲ್ಲ ಎಂಬ ಮಾತೂ ಅದರಲ್ಲಿ ಸೇರಿತ್ತು. ಸಾರ್ವಭೌಮ ಕಾರ್ಯ, ಇತರ ಕಾರ್ಯ ಎಂಬ ಈ ಭೇದವನ್ನು ಕಾಯಿದೆಯಿಂದ ತೆಗೆದುಹಾಕಬೇಕೆಂದು ಎಂ. ಸಿ. ಸೆಟಲ್ವಾಡ್ ನೇತೃತ್ವದ ಕಾನೂನು ಆಯೋಗ 1956ರ ತನ್ನ ಮೊದಲ ವರದಿಯಲ್ಲೇ ಶಿಫಾರಸು ಮಾಡಿತು. 1962ರ ವಿದ್ಯಾವತಿ ಪ್ರಕರಣದಲ್ಲಿ ಸರ್ಕಾರಿ ಜೀಪಿನ ಅಪಘಾತಕ್ಕೆ ರಾಜಸ್ಥಾನ ಸರ್ಕಾರ ಹೊಣೆಯಾಯಿತು. ಆದರೆ 1965ರ ಕಸ್ತೂರಿಲಾಲ್ ಪ್ರಕರಣದಲ್ಲಿ, ಮೀರತ್ ಪೊಲೀಸರು ವಶಪಡಿಸಿಕೊಂಡ ಚಿನ್ನ ಪೊಲೀಸನೊಬ್ಬನಿಂದಲೇ ಕಳವಾದರೂ ಮಾಲೀಕರಿಗೆ ಪರಿಹಾರ ಸಿಗಲಿಲ್ಲ. ಪೊಲೀಸ್ ಅಧಿಕಾರ ಸಾರ್ವಭೌಮ ಕಾರ್ಯ ಎಂಬುದೇ ಕಾರಣ. ಶಾಸನದ ಅಗತ್ಯವನ್ನು ಆ ಪೀಠವೂ ಒತ್ತಿ ಹೇಳಿತು. 1960ರ ದಶಕದಲ್ಲಿ ಮಂಡನೆಯಾದ ಮಸೂದೆಗಳು ಅಂಗೀಕಾರವಾಗಲಿಲ್ಲ.

ಶಾಸಕಾಂಗ ಬಿಟ್ಟ ಕೆಲಸವನ್ನು 1980ರ ದಶಕದಿಂದ ನ್ಯಾಯಾಲಯ ಕೈಗೆತ್ತಿಕೊಂಡಿತು; ಈ ಶಾಖೆಯ ಅತ್ಯಂತ ಸೃಜನಶೀಲ ಘಟ್ಟ ಇದು. ಬಿಹಾರದ ರುದುಲ್ ಸಾಹ್ 1968ರಲ್ಲಿ ಖುಲಾಸೆಯಾದರೂ 1982ರವರೆಗೆ ಸೆರೆಯಲ್ಲಿದ್ದರು. ಸಿವಿಲ್ ದಾವೆಗೆ ಕಾಯದೆ ರಿಟ್ ಅರ್ಜಿಯಲ್ಲೇ ಸುಪ್ರೀಂ ಕೋರ್ಟ್ 1983ರಲ್ಲಿ 30,000 ರೂಪಾಯಿ ಕೊಡಿಸಿತು; ಮೊದಲೇ ಕೊಟ್ಟಿದ್ದ 5,000 ರೂಪಾಯಿ ಇದಕ್ಕೆ ಹೊರತು. ಹಾನಿ ಪೂರ್ತಿ ತುಂಬಲು ದಾವೆ ಹೂಡುವ ಹಕ್ಕನ್ನು ಅದೇ ತೀರ್ಪು ಉಳಿಸಿತು ಎಂಬುದನ್ನು ಮರೆಯಬಾರದು. 1993ರ ನೀಲಾಬತಿ ಬೆಹರಾ ಪ್ರಕರಣದಲ್ಲಿ ಪೊಲೀಸ್ ವಶದಲ್ಲಿದ್ದಾಗ ಸತ್ತ ಮಗನಿಗಾಗಿ ತಾಯಿಗೆ 1,50,000 ರೂಪಾಯಿ ಸಿಕ್ಕಿತು. ಮೂಲಭೂತ ಹಕ್ಕಿನ ಉಲ್ಲಂಘನೆಗೆ ಸಾರ್ವಭೌಮ ವಿನಾಯಿತಿ ಅನ್ವಯಿಸದು ಎಂಬ ತತ್ತ್ವ ಸ್ಥಿರವಾಯಿತು. ಖಾಸಗಿ ದಾವೆಯಲ್ಲೂ ಈ ವಿನಾಯಿತಿಯನ್ನು ಕುಗ್ಗಿಸಿದ್ದು 1994ರ ನಾಗೇಂದ್ರ ರಾವ್ ತೀರ್ಪು: ವಶಪಡಿಸಿಕೊಂಡ ಸರಕನ್ನು ಅಧಿಕಾರಿಗಳು ಕೆಡಿಸಿದರೆ ಸರ್ಕಾರ ಬೆಲೆ ಕಟ್ಟಿಕೊಡಬೇಕು.

ಇಂಗ್ಲೆಂಡನ್ನು ದಾಟಿ ಮುಂದೆ ಹೋದ ಹೆಜ್ಜೆಯೂ ಈ ಕಾಲದ್ದೇ. 1868ರ ರೈಲಾಂಡ್ಸ್ ತೀರ್ಪಿನಂತೆ ಅಪಾಯಕಾರಿ ವಸ್ತು ತನ್ನ ಜಮೀನಿನಿಂದ ತಪ್ಪಿಸಿಕೊಂಡರೆ ಮಾಲೀಕ ಹೊಣೆ. ಆದರೆ ದೈವಘಟನೆ, ಮೂರನೆಯವರ ಕೃತ್ಯ ಮೊದಲಾದ ವಿನಾಯಿತಿಗಳಿದ್ದವು. 1984ರ ಭೋಪಾಲ ದುರಂತದ ಮರುವರ್ಷ ದೆಹಲಿಯಲ್ಲಿ ಓಲಿಯಂ ಅನಿಲ ಸೋರಿತು. ಅಪಾಯಕಾರಿ ಉದ್ಯಮದಿಂದ ಹಾನಿಯಾದರೆ ಯಾವ ವಿನಾಯಿತಿಯೂ ಇಲ್ಲ, ಹೊಣೆ ಸಂಪೂರ್ಣ, ಉದ್ಯಮ ದೊಡ್ಡದಾದಷ್ಟೂ ಪರಿಹಾರವೂ ದೊಡ್ಡದು ಎಂದು 1986ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿ ನೇತೃತ್ವದ ಪೀಠ ಎಂ. ಸಿ. ಮೆಹ್ತಾ ಪ್ರಕರಣದಲ್ಲಿ ಸಾರಿತು. ಭೋಪಾಲದ ದಾವೆ ಮಾತ್ರ ಈ ಒರೆಗೆ ಬರುವ ಮೊದಲೇ 1989ರಲ್ಲಿ 47 ಕೋಟಿ ಡಾಲರ್‌ಗಳ ರಾಜಿಯಲ್ಲಿ ಮುಗಿಯಿತು. 1996ರಲ್ಲಿ ರಾಜಸ್ಥಾನದ ಬಿಚ್ಛ್ರಿ ಗ್ರಾಮದ ಮಾಲಿನ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ತತ್ತ್ವವನ್ನು ಅನ್ವಯಿಸಿತು.

ಕಾಯಿದೆಗಳ ಮೂಲಕ ಬೆಳೆದ ಎರಡು ಕವಲುಗಳೂ ಇವೆ. ಮೋಟಾರು ಅಪಘಾತ ನ್ಯಾಯಮಂಡಳಿಗಳಿಗೆ ಅವಕಾಶ ಬಂದದ್ದು ಮೋಟಾರು ವಾಹನ ಕಾಯಿದೆಯ 1956ರ ತಿದ್ದುಪಡಿಯಿಂದ. ಪರಿಹಾರದ ಮೊತ್ತ ಮಂಡಳಿಯಿಂದ ಮಂಡಳಿಗೆ ವ್ಯತ್ಯಾಸವಾಗುತ್ತಿದ್ದ ಸ್ಥಿತಿಯನ್ನು 2009ರ ಸರಳಾ ವರ್ಮಾ ತೀರ್ಪು ತಿದ್ದಿತು. ಅವಲಂಬಿತರ ವಾರ್ಷಿಕ ನಷ್ಟವನ್ನು ಗುಣಿಸಲು, ಮೃತರ ವಯಸ್ಸಿಗೆ ತಕ್ಕಂತೆ 18ರಿಂದ 5ರವರೆಗಿನ ಗುಣಕಗಳ ಪಟ್ಟಿ ಕೊಟ್ಟಿತು. ಅದನ್ನು ಬರೆದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದವರು. 2017ರಲ್ಲಿ ಸಂವಿಧಾನ ಪೀಠವೂ ಈ ಪಟ್ಟಿಯನ್ನು ಎತ್ತಿಹಿಡಿಯಿತು. ಎರಡನೆಯ ಕವಲು ಶುರುವಾದದ್ದು 1986ರ ಗ್ರಾಹಕ ಕಾಯಿದೆಯಿಂದ. 1995ರ ಶಾಂತಾ ತೀರ್ಪು ವೈದ್ಯಕೀಯ ಸೇವೆಯನ್ನು ಅದರೊಳಗೆ ತಂದಿತು. ಆದರೆ ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಹೊರಗುಳಿದವು.

ಅಂಥ ಆಸ್ಪತ್ರೆಯ ಬಡ ರೋಗಿಗೆ ಇಂದಿಗೂ ಉಳಿದಿರುವುದು ಸಿವಿಲ್ ದಾವೆಯೇ. ತೆರೆದ ಮ್ಯಾನ್‌ಹೋಲಿಗೆ ಬಿದ್ದವರಿಗೆ, ಹರಿದುಬಿದ್ದ ವಿದ್ಯುತ್ ತಂತಿ ತಗುಲಿದವರಿಗೆ ರಿಟ್ ನ್ಯಾಯಾಲಯ ಸಾಮಾನ್ಯವಾಗಿ ಕೊಡುವುದು ವಿವಾದವಿಲ್ಲದ ಸಂಗತಿಗಳ ಮೇಲಿನ ಪರಿಹಾರ. ಸಂಗತಿಯೇ ವಿವಾದದಲ್ಲಿದ್ದರೆ ಸಾಕ್ಷ್ಯ ವಿಚಾರಣೆ ನಡೆಯಬೇಕಾದದ್ದು ಸಿವಿಲ್ ನ್ಯಾಯಾಲಯದಲ್ಲಿ. ಅಲ್ಲಿ ಕೇಳಿದ ಮೊತ್ತಕ್ಕೆ ತಕ್ಕಂತೆ ಶುಲ್ಕ ಕಟ್ಟಬೇಕು. ಕರ್ನಾಟಕದ 1958ರ ನ್ಯಾಯಾಲಯ ಶುಲ್ಕ ಕಾಯಿದೆಯ ನಿಯಮವೂ ಇದೇ. ಅಕ್ರಮ ಬಂಧನದ ಪರಿಹಾರಕ್ಕೆ ದಾವೆ ಹೂಡಲು ಇರುವ ಕಾಲಾವಧಿ ಬಂಧನ ಮುಗಿದ ದಿನದಿಂದ ಒಂದೇ ವರ್ಷ. ದಾವೆಗಳು ವಿರಳವಾಗಿರುವುದಕ್ಕೆ ಜನರ ಉದಾಸೀನವನ್ನು ದೂರುವ ಮೊದಲು ಈ ತಡೆಗಳನ್ನು ಎಣಿಸಬೇಕು.

ದಾವೆಗೆ ಆಸ್ಪದವಾಗುವ ತಪ್ಪುಗಳು ಸಂವಿಧಾನದ ಸಮವರ್ತಿ ಪಟ್ಟಿಯ 8ನೇ ನಮೂದಿನಲ್ಲಿವೆ. ಸಂಸತ್ತೂ ರಾಜ್ಯ ವಿಧಾನಮಂಡಲಗಳೂ ಈ ಬಗ್ಗೆ ಶಾಸನ ಮಾಡಬಹುದು. ಇಂಗ್ಲೆಂಡ್ 1947ರಲ್ಲೇ ಕಾಯಿದೆ ತಂದು ಸರ್ಕಾರವನ್ನು ಸಾಮಾನ್ಯ ಪ್ರತಿವಾದಿಯ ಸ್ಥಾನದಲ್ಲಿ ನಿಲ್ಲಿಸಿತು. ಭಾರತದಲ್ಲಿ ತತ್ತ್ವಗಳು ತೀರ್ಪುಗಳಲ್ಲಿ ಸಿದ್ಧವಾಗಿವೆ. ಸರ್ಕಾರದ ಹೊಣೆಯನ್ನು ಸ್ಪಷ್ಟಪಡಿಸುವ ಕಾಯಿದೆ, ದೇಹಹಾನಿಯ ದಾವೆಗಳಿಗೆ ಶುಲ್ಕ ವಿನಾಯಿತಿ, ಅಕ್ರಮ ಬಂಧನಕ್ಕೆ ಹೆಚ್ಚಿನ ಕಾಲಾವಧಿ ಈ ಮೂರು ಬಾಕಿ ಇವೆ.