‘ಎಳ್ಳುನೀರು ಬಿಡೋರು ಯಾರು?’ ಅನ್ನೋ ಮಾತಿಗೂ ಒಂದು ಇತಿಹಾಸ ಐತಿ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯ ಬ್ರಾಹ್ಮಣರ ಮನೆಯಲ್ಲಿ ಮಗನೋ ಮಗಳೋ ಬೇರೆ ಜಾತಿಯವರನ್ನು ಮದುವೆ ಆಗ್ತೀನಿ ಅಂದರೆ ಏಳುವ ಮಾತು ನಿಮಗೂ ಗೊತ್ತು. ‘ಇವತ್ತಿನಿಂದ ನೀ ಈ ಮನಿಯಾಂವ ಅಲ್ಲ.’ ‘ನಾಳೆ ನಮಗ ಎಳ್ಳುನೀರು ಬಿಡೋರು ಯಾರು?’ ‘ತಂಗಿನ್ನ ಯಾರು ಮಾಡ್ಕೊಂತಾರ?’ ಸಿಟ್ಟಿನ ಮಾತು ಅಂತ ನಾವು ಬಿಟ್ಟುಬಿಡುತ್ತೇವೆ. ಆದರೆ ಮೊದಲೆರಡು ಮಾತಿಗೆ ಒಂದು ಕಾಲದಲ್ಲಿ ಸರಕಾರದ ಕಾಯ್ದೆಯೇ ಬೆಂಬಲವಾಗಿತ್ತು.

ಆಗ ಈ ಮೂರೂ ಊರು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಮುಂಬೈ ಹೈಕೋರ್ಟು ಹೇಳಿದ್ದೇ ಇಲ್ಲಿಗೂ ನ್ಯಾಯ. ಮೇಲಿನ ವರ್ಣದ ಗಂಡು ಕೆಳಗಿನ ವರ್ಣದ ಹೆಣ್ಣನ್ನು ಆದರೆ ಮದುವೆ ಊರ್ಜಿತ ಎಂದು 1922ರಲ್ಲಿ ಅದು ಹೇಳಿತು. ಬ್ರಾಹ್ಮಣರ ಹುಡುಗಿ ಕೆಳಗಿನ ವರ್ಣದವನನ್ನು ಆದರೆ ಅದು ಮದುವೆಯೇ ಅಲ್ಲ. 1912ರ ತೀರ್ಪು ಹಾಗಿತ್ತು.

1872ರಿಂದ ರಿಜಿಸ್ಟರ್ ಮದುವೆಯ ಕಾಯ್ದೆ ಇತ್ತು, ಆದರೆ ‘ನಾನು ಹಿಂದೂ ಧರ್ಮ ಪಾಲಿಸುವವನಲ್ಲ’ ಎಂದು ಬರೆದುಕೊಡಬೇಕಿತ್ತು. 1923ರಲ್ಲಿ ಹರಿಸಿಂಗ್ ಗೌರ್ ಅವರ ಪ್ರಯತ್ನದಿಂದ ಧರ್ಮ ಬಿಡದೆ ಮದುವೆಯಾಗಲು ದಾರಿಯಾಯಿತು. ಅದಕ್ಕೆ ಬೆಲೆಯೂ ಇತ್ತು. ಮದುವೆಯಾದ ಮಗ ಅವಿಭಕ್ತ ಕುಟುಂಬದಿಂದ ತಾನಾಗಿಯೇ ಬೇರೆಯಾದಂತೆ. ತಂದೆಗೆ ಬೇರೆ ಮಗ ಇಲ್ಲದಿದ್ದರೆ ಇವನ ಜಾಗಕ್ಕೆ ಇನ್ನೊಬ್ಬನನ್ನು ದತ್ತು ತಗೊಳ್ಳಬಹುದಿತ್ತು. ಮಗ ಎದುರಿಗೆ ಜೀವಂತ ನಿಂತಿರುವಾಗಲೇ! ಎಳ್ಳುನೀರಿನ ಚಿಂತೆಗೆ ಕಾಯ್ದೆ ಕೊಟ್ಟ ಪರಿಹಾರ ಇದು.

ಈ ಬಿಗಿಯ ಹಿಂದೆ ನೆಲದ ಲೆಕ್ಕವೂ ಇತ್ತು ಅನ್ನುವುದು ನಮ್ಮ ಅನಿಸಿಕೆ. ಊರಿನ ಲೆಕ್ಕಪತ್ರ ನೋಡುವ ಕುಲಕರ್ಣಿಕೆ ವತನ ವಂಶದಲ್ಲೇ ಇಳಿದು ಬರುತ್ತಿತ್ತು, ಅದರ ಜೊತೆ ಇನಾಮು ಹೊಲ. ಆ ವತನ 1951ರ ಮೇ 1ಕ್ಕೆ ರದ್ದಾಯಿತು. 1974ರ ಭೂಸುಧಾರಣೆಯಲ್ಲಿ ಗೇಣಿಗೆ ಕೊಟ್ಟ ಹೊಲ ಉಳುವವರ ಪಾಲಾಯಿತು. ಕಾಯಬೇಕಾಗಿದ್ದ ವತನ ಹೋದರೂ ಮಾತು ಮಾತ್ರ ಉಳಿದುಕೊಂಡಿತು.

ಕಾಯ್ದೆಯೂ ಸಡಿಲವಾಗುತ್ತ ಬಂತು. 1946ರಲ್ಲಿ ಸಗೋತ್ರದ, ಒಳಪಂಗಡದ ಅಡ್ಡಿ ಹೋಯಿತು. 1949ರಲ್ಲಿ ಎಲ್ಲ ಜಾತಿಗಳ ನಡುವಿನ ಹಿಂದೂ ಮದುವೆ ಊರ್ಜಿತವಾಯಿತು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ‘ಕುಟುಂಬದಿಂದ ಬೇರೆ’ ಅನ್ನುವ ಷರತ್ತು ಉಳಿದಿತ್ತು. ಇಬ್ಬರೂ ಹಿಂದೂಗಳಾಗಿದ್ದರೆ ಅದು ಬೇಡ ಎಂದು 1976ರಲ್ಲಿ ತಿದ್ದಿದರು.

ಈಗ ಪಿತ್ರಾರ್ಜಿತ ಆಸ್ತಿಯ ಪಾಲು ಜಾತಿ ಬಿಟ್ಟು ಮದುವೆಯಾದ ಮಾತ್ರಕ್ಕೆ ಹೋಗುವುದಿಲ್ಲ, ಹೆಣ್ಣುಮಕ್ಕಳದ್ದೂ. ಅಪ್ಪ ಸ್ವಂತ ಗಳಿಸಿದ್ದನ್ನು ಮಾತ್ರ ಯಾರಿಗೆ ಬೇಕಾದರೂ ಬರೆಯಬಹುದು. ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಗೆ ಮುಂಚೆ 30 ದಿನದ ನೋಟಿಸು ಆಫೀಸಿನಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಅಂಟಿಸುತ್ತಾರೆ. ಸಣ್ಣ ಊರಲ್ಲಿ ಅದರ ಫೋಟೊ ಸಂಜೆಯೊಳಗೆ ಮನೆಯ ವಾಟ್ಸ್‌ಆ್ಯಪ್‌ಗೆ ಬಂದಿರುತ್ತದೆ. ಇಬ್ಬರೂ ಹಿಂದೂಗಳಾದರೆ ಶಾಸ್ತ್ರಪ್ರಕಾರ ಮದುವೆಯಾಗಿ 1955ರ ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿ ಮಾಡಿಸಬಹುದು, ಅಲ್ಲಿ ಆ ನೋಟಿಸಿಲ್ಲ. ಹುಡುಗಿಗೆ 18, ಹುಡುಗನಿಗೆ 21 ತುಂಬಿರಬೇಕು.

ತಂಗಿಯ ಮಾತಿಗೆ ಯಾವ ಕಾಯ್ದೆಯಲ್ಲೂ ಉತ್ತರವಿಲ್ಲ. ಅದನ್ನು ತಂಗಿಯನ್ನೇ ಕೇಳಬೇಕು. ಈ ಜಗಳದಲ್ಲಿ ಅವಳನ್ನು ಯಾರೂ ಕೇಳಿರುವುದಿಲ್ಲ.

ಬೆಳಗಾವಿ ಜಿಲ್ಲೆಯ ಮುರಗೋಡ ಠಾಣೆಯ ಒಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಮಗಳು ಕಾಣೆಯಾಗಿದ್ದಾಳೆ ಎಂದು ತಂದೆ ದೂರು ಕೊಟ್ಟಿದ್ದರು. ಮದುವೆಯಾದದ್ದು ಗೊತ್ತಾದ ಮೇಲೂ ಠಾಣೆಗೆ ಬಂದು ಹೇಳಿಕೆ ಕೊಡಬೇಕು ಎಂದು ಪೊಲೀಸರು ಪಟ್ಟು ಹಿಡಿದರು. 2021ರ ಫೆಬ್ರುವರಿ 8ರಂದು ಕೋರ್ಟು ಆ ಎಫ್‌ಐಆರ್ ರದ್ದು ಮಾಡಿತು. ವಯಸ್ಕರಿಬ್ಬರು ಒಪ್ಪಿದರೆ ಮನೆತನದ, ಸಮಾಜದ ಒಪ್ಪಿಗೆ ಬೇಕಿಲ್ಲ ಎಂದಿತು. ಇಂಥ ಪ್ರಕರಣ ಹೇಗೆ ನಡೆಸಬೇಕು ಅನ್ನುವುದಕ್ಕೆ ಎಂಟು ವಾರದೊಳಗೆ ನಿಯಮ ಮಾಡಿ ತರಬೇತಿ ಕೊಡಿ ಎಂದು ಪೊಲೀಸರಿಗೂ ಹೇಳಿತು.