ಗೌರಿಬಿದನೂರಿಗೆ ತಿಂಗಳಿಗೊಮ್ಮೆ ಬಂದ ಡಾಕ್ಟರು

ಗೌರಿಬಿದನೂರು ಅಂದ ಕೂಡಲೇ ನಮ್ಮಂಥ ಇಂಜಿನಿಯರಿಂಗ್ ಓದಿದವರಿಗೆ ನೆನಪಾಗೋದು ಅಲ್ಲಿನ ರೇಡಿಯೋ ದೂರದರ್ಶಕ. ಎಪ್ಪತ್ತರ ದಶಕದಲ್ಲಿ ಸೂರ್ಯನ ಅಲೆಗಳನ್ನು ಹಿಡಿಯಲು ಕಟ್ಟಿದ್ದು. ಅದೇ ದಶಕದಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಕೆಲಸ ಶುರುವಾಯಿತು. ಅದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡಲ್ಲ.

ಬೆಂಗಳೂರಿನ ಹಳೇ ಹುಚ್ಚಾಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆ ಅಂತ ಹೆಸರಾಯಿತು. 1974ರಲ್ಲಿ ಅದು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಜೊತೆ ಸೇರಿ ನಿಮ್ಹಾನ್ಸ್ ಆಯಿತು. ಹೆಸರು ದೊಡ್ಡದಾಯಿತು, ಸರಿ. ಆದರೆ ಚಿಂತಾಮಣಿಯ ಕೂಲಿಯವನಿಗೆ? ರೋಗಿ ಒಬ್ಬನೇ ಹೋಗೋ ಹಾಗಿಲ್ಲ, ಜೊತೆಗೊಬ್ಬರು ಬೇಕು. ಬಸ್ ಚಾರ್ಜು, ಮೇಲೆ ಒಂದು ದಿನದ ಕೂಲಿ ಖೋತಾ. ಮಾತ್ರೆ ತಿಂಗಳುಗಟ್ಟಲೆ ನುಂಗಬೇಕು. ಸ್ವಲ್ಪ ಗುಣ ಕಂಡರೆ ಮುಂದಿನ ಸಲ ಹೋಗಲ್ಲ, ಮಾತ್ರೆ ನಿಲ್ಲುತ್ತೆ, ಕಾಯಿಲೆ ಮರುಕಳಿಸುತ್ತೆ. ಆಮೇಲೆ 'ಔಷಧಿ ಹತ್ತಲಿಲ್ಲ' ಅಂತ ಊರೆಲ್ಲ ಮಾತು!

ನಿಮ್ಹಾನ್ಸ್‌ನವರು ಇದಕ್ಕೆ ಎರಡು ದಾರಿ ಹಿಡಿದರು. ಒಂದು, 1976ರಲ್ಲಿ ಬೆಂಗಳೂರಿನ ಹೊರಗೆ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ಮಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ಮಾನಸಿಕ ಕಾಯಿಲೆ ಗುರುತಿಸುವ ತರಬೇತಿ ಕೊಡೋದು. ಎರಡು, ತಾವೇ ತಿಂಗಳಿಗೊಮ್ಮೆ ತಾಲ್ಲೂಕು ಊರಿಗೆ ಹೋಗೋದು. ಮಧುಗಿರಿ, ಕನಕಪುರ, ಮದ್ದೂರಿನ ಜೊತೆ ಗೌರಿಬಿದನೂರೂ ಆ ಪಟ್ಟಿಯಲ್ಲಿತ್ತು. ಮಾನಸಿಕ ರೋಗಿಗಳಷ್ಟೇ ಅಲ್ಲ, ಮೂರ್ಛೆರೋಗದವರಿಗೂ ಅಲ್ಲೇ ಔಷಧಿ. ಮೊದಲ ದಾರಿಯನ್ನು 1985ರಲ್ಲಿ ಇಡೀ ಬಳ್ಳಾರಿ ಜಿಲ್ಲೆಗೆ ಹಬ್ಬಿಸಿದರು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು.

ಇಲ್ಲೊಂದು ತಮಾಷೆ ನೋಡಿ. 'ಜಿಲ್ಲಾ' ಅಂದರೆ ಯಾವ ಜಿಲ್ಲೆ? 2007ರವರೆಗೆ ಗೌರಿಬಿದನೂರು ತಾಲ್ಲೂಕು ಕೋಲಾರಕ್ಕೆ ಸೇರಿತ್ತು. ಗೌರಿಬಿದನೂರಿನವರಿಗೆ ಬೆಂಗಳೂರಿಗಿಂತ ಕೋಲಾರವೇ ದೂರ! ಚಿಕ್ಕಬಳ್ಳಾಪುರ ಜಿಲ್ಲೆಯಾದ ಮೇಲೇ ಜಿಲ್ಲಾಸ್ಪತ್ರೆ ಹತ್ತಿರ ಬಂದಿದ್ದು. ಶಿಡ್ಲಘಟ್ಟಕ್ಕೆ ರಿಚ್ಮಂಡ್ ಫೆಲೋಶಿಪ್ ಸೊಸೈಟಿ ಬಂದು ಪುನರ್ವಸತಿ ಕೆಲಸ ಮಾಡಿತು. 2014ರಲ್ಲಿ ರಾಜ್ಯ ಸರ್ಕಾರದ 'ಮನೋಚೈತನ್ಯ' ಬಂತು, ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲೇ ತಪಾಸಣೆ ಅಂತ. 2017ರ ಕಾಯ್ದೆಯಂತೂ ಚಿಕಿತ್ಸೆಗೆ ಯಾರೂ ಬಹುದೂರ ಅಲೆಯುವ ಹಾಗಿರಬಾರದು ಅಂತಲೇ ಹೇಳುತ್ತೆ. 2022ರಿಂದ 14416ಕ್ಕೆ ಫೋನ್ ಮಾಡಿದರೆ ಟೆಲಿ-ಮಾನಸ್.

ಇಷ್ಟಾದರೂ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ ಶೇ. 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ದೂರ ಅಂದರೆ ಬರೀ ಕಿಲೋಮೀಟರ್ ಅಲ್ಲವಲ್ಲ. ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದು ಸೊಪ್ಪು ಮೇಯುತ್ತಿರುವಾಗ ಮನೆ ಬಿಟ್ಟು ಹೊರಡೋದು ಹೇಗೆ? ಮನೆಯಲ್ಲಿ ತೆಲುಗು ಆಡುವ ಅಜ್ಜಿ ಮನಸ್ಸಿನ ಸಂಕಟವನ್ನು ಯಾವ ಭಾಷೆಯಲ್ಲಿ ಹೇಳಬೇಕು? ಸ್ವಂತ ಫೋನೇ ಇಲ್ಲದ ಸೊಸೆ 14416 ಒತ್ತೋದು ಯಾರ ಎದುರಿಗೆ?

ತಿಂಗಳಿಗೊಮ್ಮೆ ಬಂದ ಆ ಡಾಕ್ಟರುಗಳಿಗೆ ಒಂದು ವಿಷಯ ಗೊತ್ತಿತ್ತು: ರೋಗಿ ಬರಲಿಲ್ಲ ಅಂದರೆ ರೋಗ ವಾಸಿಯಾಯಿತು ಅಂತಲ್ಲ. ಈಗ ಆಸ್ಪತ್ರೆ ತಾಲ್ಲೂಕಿನವರೆಗೆ ಬಂದಿದೆ. ಅಲ್ಲಿಂದ ಮನೆ ಬಾಗಿಲವರೆಗಿನ ದಾರಿ ಇನ್ನೂ ಉಳಿದಿದೆ.

ನಿಮ್ಮ ತಾಲ್ಲೂಕಿನ ಕಥೆ ಏನು? ಗೊತ್ತಿದ್ದವರು ಬರೆಯಿರಿ...