ಮದರಾಸಿನ ಮೇಯರನ್ನು ಆರಿಸುವವರು ಯಾರು?

ಹೊರನಾಡಿನಲ್ಲಿ ನೆಲಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಒಂದು ಮಾತು ಆಗಾಗ ಕೇಳಿಬರುವುದುಂಟು. “ಪಾರ್ಲಿಮೆಂಟಿನ ಚುನಾವಣೆಯಾದರೆ ಸರಿ, ಹೋಗಿ ಮತ ಕೊಟ್ಟು ಬರೋಣ, ಕಾರ್ಪೊರೇಷನ್ನಿನ ಚುನಾವಣೆ ನಮಗೇಕೆ? ಅದು ಈ ಊರಿನವರ ವಿಚಾರ.” ಮೇಲ್ನೋಟಕ್ಕೆ ಇದು ವಿನಯದ ಮಾತಾಗಿಯೇ ತೋರುತ್ತದೆ. ಆದರೆ ನಾವಿರುವ ಈ ಮದರಾಸಿನ, ಎಂದರೆ ೧೯೯೬ರಿಂದ ಚೆನ್ನೈ ಎಂದು ಕರೆಸಿಕೊಳ್ಳುತ್ತಿರುವ ನಗರದ, ಪೌರಸಭೆಯ ಚರಿತ್ರೆಯನ್ನು ತುಸು ಬಿಡಿಸಿ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಈ ಸಭೆ ಹುಟ್ಟಿದುದೇ ಬೇರೆ ಬೇರೆ ಕಡೆಗಳಿಂದ ಬಂದು ಸೇರಿದವರನ್ನು ಒಟ್ಟುಗೂಡಿಸುವುದಕ್ಕಾಗಿ. ಇಲ್ಲಿ ಮೇಯರನ್ನು ಯಾರು ಆರಿಸಬೇಕು ಎಂಬ ಪ್ರಶ್ನೆ ಮೂರು ಶತಮಾನಗಳಿಂದ ಮತ್ತೆ ಮತ್ತೆ ಎದ್ದು ಬಂದಿದೆ.

ಭಾರತದಲ್ಲಿ ಇಂಗ್ಲಿಷ್ ಮಾದರಿಯ ಪೌರಸಭೆ ಮೊದಲು ಸ್ಥಾಪಿತವಾದುದು ಮದರಾಸಿನಲ್ಲಿ. ಎರಡನೆಯ ಜೇಮ್ಸ್ ದೊರೆಯ ಕಾಲದಲ್ಲಿ, ೧೬೮೭ರ ಡಿಸೆಂಬರ್ ೩೦ರಂದು, ಈಸ್ಟ್ ಇಂಡಿಯಾ ಕಂಪೆನಿ ಇದಕ್ಕಾಗಿ ಸನ್ನದನ್ನು ಹೊರಡಿಸಿತು. ೧೬೮೮ರ ಸೆಪ್ಟೆಂಬರ್ ೨೯ರಂದು ಸಭೆ ಕಾರ್ಯಾರಂಭ ಮಾಡಿತು. ನಥಾನಿಯಲ್ ಹಿಗ್ಗಿನ್ಸನ್ ಮೊದಲ ಮೇಯರನಾದನು. ಅವನೊಡನೆ ಹನ್ನೆರಡು ಮಂದಿ ಆಲ್ಡರ್‌ಮನ್ನರು. ಇವರೆಲ್ಲ ಆಂಗ್ಲರೇ ಆಗಿದ್ದರೆಂದು ಯಾರೂ ಭಾವಿಸಬೇಕಾಗಿಲ್ಲ. ಪೋರ್ಚುಗೀಸರಿದ್ದರು, ವಜ್ರದ ವ್ಯಾಪಾರಕ್ಕೆಂದು ಬಂದ ಯೆಹೂದ್ಯರಿದ್ದರು, ಹಿಂದೂ ವರ್ತಕರೂ ಇದ್ದರು. ಆಲ್ಡರ್‌ಮನ್ನರಿಗೆ ಕೆಂಪು ನಿಲುವಂಗಿ, ತಲೆಯ ಮೇಲೆ ಹಿಡಿಸಿಕೊಳ್ಳಲು ಛತ್ರಿ, ಮೆರವಣಿಗೆ ಮೊದಲಾದ ಮರ್ಯಾದೆಗಳೂ ಸಂದವು.

ಕಂಪೆನಿಯವರಿಗೆ ಏಕಾಏಕಿ ಇಷ್ಟು ಉದಾರಬುದ್ಧಿ ಹೇಗೆ ಬಂದಿತು? ಉತ್ತರ ಲೆಕ್ಕದ ಪುಸ್ತಕದಲ್ಲಿದೆ. ಕೋಟೆ ಕೊತ್ತಲಗಳ ಖರ್ಚು ಬೆಳೆಯುತ್ತಿತ್ತು. ಊರಿನವರ ಮೇಲೆ ತೆರಿಗೆ ಹಾಕಿದರೆ ಗಲಭೆಯಾಗುತ್ತಿತ್ತು. ಲಂಡನ್ನಿನಲ್ಲಿ ಕಂಪೆನಿಯ ಸೂತ್ರ ಹಿಡಿದಿದ್ದ ಸರ್ ಜೊಸಾಯಾ ಚೈಲ್ಡ್ ಒಂದು ಉಪಾಯವನ್ನು ಕಂಡನು: ತೆರಿಗೆ ಹಾಕುವ ಕೆಲಸವನ್ನು ಊರಿನ ಪ್ರಮುಖರ ಕೈಗೇ ಒಪ್ಪಿಸಿಬಿಟ್ಟರೆ ಜನ ಅಷ್ಟಾಗಿ ಗೊಣಗಲಾರರು. ಆ ಹಣದಿಂದ ಪುರಭವನ, ಸೆರೆಮನೆ, ಶಾಲೆ ಇವನ್ನು ಕಟ್ಟಬೇಕೆಂದು ಸನ್ನದಿನಲ್ಲಿ ಬರೆದರು. ಶಾಲೆಯಲ್ಲಿ ಈ ದೇಶದ ಮಕ್ಕಳು ಇಂಗ್ಲಿಷನ್ನೂ, ಗಣಿತವನ್ನೂ, ವರ್ತಕರ ಲೆಕ್ಕಪತ್ರವನ್ನೂ ಕಲಿಯಬೇಕೆಂಬುದು ಅವರ ಉದ್ದೇಶ. ಜನರೇನೋ ಆ ಉಪಾಯಕ್ಕೆ ಸುಲಭವಾಗಿ ಮರುಳಾಗಲಿಲ್ಲ. ತೆರಿಗೆ ಬಂದುದು ಅಲ್ಪವೇ. ಆದರೆ ಒಂದು ತತ್ತ್ವ ಮಾತ್ರ ಅಂದೇ ಬೇರೂರಿತು. ತೆರಿಗೆ ಕೇಳುವವನು ತೆರಿಗೆ ಕೊಡುವವನ ಮಾತನ್ನು ಒಂದಲ್ಲ ಒಂದು ದಿನ ಕೇಳಬೇಕಾಗುತ್ತದೆ ಎಂಬುದೇ ಆ ತತ್ತ್ವ.

ಆ ದಿನ ಬರುವುದಕ್ಕೆ ಬಹಳ ಕಾಲ ಹಿಡಿಯಿತು. ೧೭೨೬ರ ರಾಜಸನ್ನದಿನಿಂದ ಮೇಯರನ ನ್ಯಾಯಸ್ಥಾನ ಹೊಸದಾಗಿ ಏರ್ಪಟ್ಟಿತು. ಅದರಿಂದ ಮೇಯರನು ಪೌರಕಾರ್ಯಕ್ಕಿಂತ ವ್ಯಾಜ್ಯ ತೀರ್ಮಾನದಲ್ಲಿಯೇ ಹೆಚ್ಚು ತೊಡಗಿದನು. ೧೭೯೮ರಲ್ಲಿ ರೆಕಾರ್ಡರನ ನ್ಯಾಯಸ್ಥಾನ ಬಂದು ಇದನ್ನು ತೆಗೆದುಹಾಕಿತು. ಅಲ್ಲಿಂದ ಮುಂದೆ ಒಂದು ಶತಮಾನಕ್ಕೂ ಮೀರಿ ಮದರಾಸಿನಲ್ಲಿ ಮೇಯರ್ ಎಂಬ ಹೆಸರೇ ಕೇಳಿಬರಲಿಲ್ಲ.

ಮತದ ಕಥೆ ಮೊದಲಾಗುವುದು ಹತ್ತೊಂಬತ್ತನೆಯ ಶತಮಾನದಲ್ಲಿ. ೧೮೬೭ರ ಕಾಯಿದೆ ನಗರವನ್ನು ಎಂಟು ವಾರ್ಡುಗಳಾಗಿ ವಿಂಗಡಿಸಿ ೩೨ ಮಂದಿ ಸದಸ್ಯರನ್ನು ಗೊತ್ತುಮಾಡಿತು. ಆದರೆ ಎಲ್ಲರೂ ಸರಕಾರ ನೇಮಿಸಿದವರೇ. ೧೮೭೮ರ ಕಾಯಿದೆಯಲ್ಲಿ ಇವರ ಪೈಕಿ ೧೬ ಮಂದಿಯನ್ನು ತೆರಿಗೆದಾರರು ಚುನಾಯಿಸಲು ಅವಕಾಶವಾಯಿತು. ಲಾರ್ಡ್ ರಿಪ್ಪನ್ ೧೮೮೨ರ ಮೇ ತಿಂಗಳಿನಲ್ಲಿ ಸ್ಥಳೀಯ ಸ್ವಾಡಳಿತದ ಪ್ರಖ್ಯಾತ ನಿರ್ಣಯವನ್ನು ಹೊರಡಿಸಿದ ಮೇಲೆ, ೧೮೮೪ರಲ್ಲಿ ಚುನಾಯಿತರ ಸಂಖ್ಯೆ ೨೪ಕ್ಕೆ ಏರಿತು. ಸೆಂಟ್ರಲ್ ಸ್ಟೇಷನ್ನಿನ ಬಳಿ ಬೆಳ್ಳಗೆ ಬೆಳಗುವ ಪೌರಸಭಾ ಭವನ ೧೯೧೩ರಲ್ಲಿ ತೆರೆದಾಗ ಅದಕ್ಕೆ ರಿಪ್ಪನ್ನನ ಹೆಸರನ್ನೇ ಇಟ್ಟುದು ಈ ಕಾರಣದಿಂದ. ರೈಲಿಳಿದು ಬರುವ ನಮ್ಮ ನೆಂಟರಿಷ್ಟರಿಗೆ ಆ ಕಟ್ಟಡವನ್ನು ತೋರಿಸುವಾಗ ಇದನ್ನೂ ಒಂದು ಮಾತು ಹೇಳಬಹುದು.

೧೯೧೯ರ ಕಾಯಿದೆ ಇನ್ನೊಂದು ದೊಡ್ಡ ಹೆಜ್ಜೆ. ಸರಕಾರದ ಅಧಿಕಾರಿಯೇ ಅಧ್ಯಕ್ಷನಾಗಿರುವ ಪದ್ಧತಿ ಹೋಯಿತು. ಸದಸ್ಯರು ತಮ್ಮ ಅಧ್ಯಕ್ಷನನ್ನು ತಾವೇ ಆರಿಸತೊಡಗಿದರು. ಹಾಗೆ ಬಂದ ಮೊದಲನೆಯವರು ಪಿ. ತ್ಯಾಗರಾಯ ಚೆಟ್ಟಿಯವರು. ನಮ್ಮವರು ಅನೇಕರು ಬಟ್ಟೆಬರೆಗೆಂದು ನಿತ್ಯ ಹೋಗುವ ತ್ಯಾಗರಾಯನಗರ ಇವರ ಹೆಸರಿನದೇ. ೧೯೩೩ರಲ್ಲಿ ಅಧ್ಯಕ್ಷ ಪದವಿಗೆ ಮೇಯರ್ ಎಂಬ ಹಳೆಯ ಹೆಸರು ಮರಳಿ ಬಂದಿತು. ಕುಮಾರರಾಜ ಮುತ್ತಯ್ಯ ಚೆಟ್ಟಿಯಾರ್ ಹೊಸ ಪರಂಪರೆಯ ಮೊದಲ ಮೇಯರ್. ೧೯೩೭ರಲ್ಲಿ ಜೆ. ಶಿವಷಣ್ಮುಗಂ ಪಿಳ್ಳೆಯವರು ಆ ಸ್ಥಾನಕ್ಕೆ ಬಂದುದು ಬಹು ಮುಖ್ಯವಾದ ಘಟನೆ. ದಲಿತ ಸಮಾಜದಿಂದ ಬಂದ ಪ್ರಥಮ ಮೇಯರ್ ಅವರು. ಮುಂದೆ ವಿಧಾನಸಭೆಯ ಸಭಾಪತಿಯೂ ಆದರು.

ಮೇಯರ್ ಪದವಿ ಬರಿಯ ಅಲಂಕಾರವೆಂದು ಹೇಳುವವರು ಎಸ್. ಸತ್ಯಮೂರ್ತಿಯವರ ಉದಾಹರಣೆಯನ್ನು ನೋಡಬೇಕು. ೧೯೩೯ರಲ್ಲಿ ಮೇಯರಾದ ಅವರ ಕಾಲದಲ್ಲಿ ನಗರಕ್ಕೆ ಕುಡಿಯುವ ನೀರಿನ ಬವಣೆ ವಿಪರೀತವಾಗಿತ್ತು. ಯುದ್ಧದ ದಿನಗಳು, ಆಳುವವರು ಪರಕೀಯರು, ಸತ್ಯಮೂರ್ತಿಗಳಾದರೋ ಕಾಂಗ್ರೆಸ್ಸಿನ ಕಟ್ಟಾಳು. ಆದರೂ ಹಿಡಿದ ಪಟ್ಟು ಬಿಡದೆ ಪೂಂಡಿ ಜಲಾಶಯಕ್ಕೆ ಒಪ್ಪಿಗೆ ಪಡೆದರು. ೧೯೪೦ರಲ್ಲಿ ಅಡಿಗಲ್ಲು ಬಿದ್ದಿತು. ೧೯೪೪ರಲ್ಲಿ ಕಟ್ಟೆ ಮುಗಿದಾಗ ಅದನ್ನು ನೋಡಲು ಅವರೇ ಇರಲಿಲ್ಲ. ಹಿಂದಿನ ವರ್ಷ ತೀರಿಕೊಂಡಿದ್ದರು. ಇಂದು ಅದು ಸತ್ಯಮೂರ್ತಿ ಸಾಗರ. ಈ ನಗರದಲ್ಲಿ ನೀರು ಕುಡಿದವರೆಲ್ಲರೂ, ಯಾವ ಭಾಷೆಯವರೇ ಆಗಲಿ, ಆ ಒಬ್ಬ ಮೇಯರರ ಋಣದಲ್ಲಿರುವವರೇ.

ಇಲ್ಲಿ ಕನ್ನಡಿಗರಿಗೆ ಹೆಮ್ಮೆ ತರುವ ಸಂಗತಿಯೊಂದನ್ನು ಸ್ಮರಿಸಬೇಕು. ೧೯೫೩ರವರೆಗೆ ಬಳ್ಳಾರಿಯವರಿಗೂ, ೧೯೫೬ರವರೆಗೆ ದಕ್ಷಿಣ ಕನ್ನಡದವರಿಗೂ ಮದರಾಸೇ ರಾಜಧಾನಿ. ಓದಿಗೂ, ವಕೀಲಿಗೂ, ವೈದ್ಯಕ್ಕೂ, ಹೋಟಲಿನ ಉದ್ಯಮಕ್ಕೂ ಅವರು ಬರುತ್ತಿದ್ದುದು ಇಲ್ಲಿಗೇ. ಉಡುಪಿಯಿಂದ ಬಂದು ಹೆಸರಾಂತ ವೈದ್ಯರಾದ ಡಾಕ್ಟರ್ ಯು. ರಾಮರಾಯರು ೧೯೩೭ರಲ್ಲಿ ಮದರಾಸು ವಿಧಾನ ಪರಿಷತ್ತಿನ ಅಧ್ಯಕ್ಷರಾದರು. ಅವರ ಮಗ ಡಾಕ್ಟರ್ ಯು. ಕೃಷ್ಣರಾಯರು, ಇವರೂ ವೈದ್ಯರೇ, ೧೯೪೭-೪೮ರಲ್ಲಿ ಮದರಾಸಿನ ಮೇಯರಾದರು. ೧೯೫೭ರಿಂದ ೧೯೬೧ರವರೆಗೆ ವಿಧಾನಸಭೆಯ ಸಭಾಪತಿಗಳಾಗಿದ್ದರು. “ಇದು ಅವರ ಊರು, ನಮ್ಮದಲ್ಲ” ಎಂದು ಆ ತಂದೆ ಮಕ್ಕಳು ಕೈಕಟ್ಟಿ ಕುಳಿತಿದ್ದರೆ ಚರಿತ್ರೆಯಲ್ಲಿ ಈ ಎರಡು ಸಾಲುಗಳು ಇರುತ್ತಿರಲಿಲ್ಲ. ಊರಿನವರೂ ಅವರನ್ನು ಹೊರಗಿನವರೆಂದು ದೂರವಿಡಲಿಲ್ಲ ಎಂಬುದು ಅಷ್ಟೇ ಮುಖ್ಯ.

ಸ್ವಾತಂತ್ರ್ಯಾನಂತರ ತೆರಿಗೆದಾರನ ಮತ ವಯಸ್ಕರೆಲ್ಲರ ಮತವಾಯಿತು. ೧೯೫೭ರಲ್ಲಿ ತಾರಾ ಚೆರಿಯನ್ ಮೊದಲ ಮಹಿಳಾ ಮೇಯರಾದರು. ೧೯೫೯ರ ಚುನಾವಣೆಯಲ್ಲಿ ದ್ರಾವಿಡ ಮುನ್ನೇತ್ರ ಕಳಗವು ೧೦೦ ಸ್ಥಾನಗಳ ಪೈಕಿ ೪೫ನ್ನು ಗೆದ್ದು, ಎ. ಪಿ. ಅರಸು ಅವರನ್ನು ಮೇಯರಾಗಿ ಮಾಡಿತು. ಇಡೀ ರಾಜ್ಯದ ಆಡಳಿತ ಆ ಪಕ್ಷದ ಕೈಗೆ ಬಂದುದು ಎಂಟು ವರ್ಷಗಳ ಮೇಲೆ, ೧೯೬೭ರಲ್ಲಿ. ವಾರ್ಡಿನ ಚುನಾವಣೆಯನ್ನು ಸಣ್ಣದೆಂದು ತಿಳಿಯುವವರಿಗೆ ಈ ಎರಡು ಇಸವಿಗಳೇ ಸಾಕು.

ಮುಂದೆ ಬಂದುದು ಕತ್ತಲ ಕಾಲ. ಕೂಲಿಕಾರರ ಹಾಜರಿಪಟ್ಟಿಯಲ್ಲಿ ಸುಳ್ಳು ಹೆಸರುಗಳನ್ನು ಬರೆದು ಹಣ ಲಪಟಾಯಿಸಿದ ಹಗರಣ ಹೊರಬಿದ್ದು, ೧೯೭೩ರಲ್ಲಿ ಸರಕಾರ ಸಭೆಯನ್ನು ರದ್ದುಮಾಡಿತು. ತಪ್ಪು ನಡೆದಾಗ ಕ್ರಮ ಕೈಗೊಳ್ಳುವುದು ಸರಿಯೇ. ಆದರೆ ಹೊಸ ಚುನಾವಣೆ ನಡೆದುದು ೧೯೯೬ರಲ್ಲಿ! ನಡುವಿನ ಇಪ್ಪತ್ತಮೂರು ವರ್ಷ ಅಧಿಕಾರಿಗಳದೇ ಆಡಳಿತ. ತೆರಿಗೆಯ ನೋಟೀಸು ಮಾತ್ರ ಒಂದು ಕಂತೂ ತಪ್ಪದೆ ಮನೆಗೆ ಬರುತ್ತಿತ್ತು. ಇಂಥ ಸ್ಥಿತಿ ಅನೇಕ ನಗರಗಳಲ್ಲಿ ಇದ್ದುದರಿಂದಲೇ ಸಂವಿಧಾನದ ಎಪ್ಪತ್ತನಾಲ್ಕನೆಯ ತಿದ್ದುಪಡಿ ಬಂದಿತು. ೧೯೯೩ರ ಜೂನ್ ೧ರಿಂದ ಜಾರಿಗೆ ಬಂದ ಇದರ ಪ್ರಕಾರ ಪೌರಸಭೆಯ ಅವಧಿ ಐದು ವರ್ಷ. ಅದು ಮುಗಿಯುವುದರೊಳಗೆ ಚುನಾವಣೆ ಆಗಬೇಕು. ಸಭೆ ರದ್ದಾದರೆ ಆರು ತಿಂಗಳೊಳಗೆ ಆಗಬೇಕು. ಮಹಿಳೆಯರಿಗೆ ಮೂರರಲ್ಲಿ ಒಂದು ಪಾಲಾದರೂ ಸ್ಥಾನಗಳು ಮೀಸಲಾಗಬೇಕು.

೧೯೯೬ರಲ್ಲಿ ಮತದಾರರೇ ನೇರವಾಗಿ ಮೇಯರನ್ನು ಆರಿಸಿದರು. ಎಂ. ಕೆ. ಸ್ಟಾಲಿನ್ ಹೀಗೆ ಬಂದ ಮೊದಲ ಮೇಯರ್. ೨೦೦೧ರಲ್ಲಿಯೂ ಅವರೇ ಗೆದ್ದರು. ಶಾಸಕ ಸ್ಥಾನ, ಮೇಯರ್ ಸ್ಥಾನ ಎರಡನ್ನೂ ಒಬ್ಬರೇ ಹೊಂದಬಾರದೆಂದು ೨೦೦೨ರಲ್ಲಿ ಕಾಯಿದೆಯಾದಾಗ ಮೇಯರ್ ಪದವಿಯನ್ನು ಬಿಡಬೇಕಾಯಿತು. ೨೦೦೬ರಲ್ಲಿ ಪದ್ಧತಿ ಬದಲಾಗಿ ಸದಸ್ಯರು ಎಂ. ಸುಬ್ರಮಣಿಯನ್ ಅವರನ್ನು ಆರಿಸಿದರು. ೨೦೧೧ರಲ್ಲಿ ಮತ್ತೆ ನೇರ ಚುನಾವಣೆ; ಸೈದೈ ದುರೈಸಾಮಿ ಗೆದ್ದರು. ಅದೇ ವರ್ಷ ನಗರದ ಎಲ್ಲೆ ೧೭೪ರಿಂದ ೪೨೬ ಚದರ ಕಿಲೋಮೀಟರಿಗೆ ಹಿಗ್ಗಿ ವಾರ್ಡುಗಳು ೨೦೦ ಆದವು. ಆ ಬಳಿಕ ೨೦೧೬ರಲ್ಲಿ ಸದಸ್ಯರಿಂದ ಎಂದೂ, ೨೦೧೮ರಲ್ಲಿ ಜನರಿಂದ ಎಂದೂ, ೨೦೧೯ರಲ್ಲಿ ಪುನಃ ಸದಸ್ಯರಿಂದ ಎಂದೂ ಕಾಯಿದೆ ಹೊರಳಿತು. ಎರಡು ಪದ್ಧತಿಗಳಲ್ಲಿಯೂ ಗುಣವುಂಟು. ನೇರವಾಗಿ ಗೆದ್ದವನಿಗೆ ಇಡೀ ನಗರದ ಬೆಂಬಲವಿರುತ್ತದೆ. ಸದಸ್ಯರಿಂದ ಗೆದ್ದವನಿಗೆ ಸಭೆಯ ಬೆಂಬಲವಿರುತ್ತದೆ. ಆದರೆ ಪಕ್ಷಗಳ ಅನುಕೂಲ ನೋಡಿ ಪದ್ಧತಿಯನ್ನೇ ಆಗಾಗ ತಿರುಗಿಸುತ್ತಿದ್ದರೆ, ತಾನು ಯಾರನ್ನು ಆರಿಸುತ್ತಿದ್ದೇನೆಂಬುದು ಮತದಾರನಿಗೇ ತಿಳಿಯದಂತಾಗುತ್ತದೆ.

ಇದಕ್ಕಿಂತ ಕೆಟ್ಟದ್ದು ಚುನಾವಣೆಯೇ ಇಲ್ಲದಿರುವುದು. ೨೦೧೬ರ ಅಕ್ಟೋಬರಿನಲ್ಲಿ ಅವಧಿ ಮುಗಿಯಿತು. ಘೋಷಿತವಾಗಿದ್ದ ಚುನಾವಣೆಯನ್ನು ಉಚ್ಚ ನ್ಯಾಯಾಲಯ ರದ್ದುಗೊಳಿಸಿತು. ಮುಂದಿನ ಮತದಾನ ನಡೆದುದು ೨೦೨೨ರ ಫೆಬ್ರವರಿ ೧೯ರಂದು. ೨೦೧೯ರ ನೀರಿನ ಕ್ಷಾಮ, ೨೦೨೦ರ ಮಹಾಮಾರಿ, ೨೦೨೧ರ ನವೆಂಬರಿನ ಮಳೆಯ ಪ್ರವಾಹ, ಈ ಮೂರೂ ಬಂದು ಹೋದುದು ವಾರ್ಡಿಗೆ ಸದಸ್ಯನೇ ಇಲ್ಲದ ಕಾಲದಲ್ಲಿ. ಇದು ಮದರಾಸೊಂದರ ಪಾಡಲ್ಲ. ನಮ್ಮ ಬೆಂಗಳೂರಿನಲ್ಲಿಯೂ ಪಾಲಿಕೆಯ ಅವಧಿ ೨೦೨೦ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ.

ಇಷ್ಟು ಕಾದು ಬಂದ ೨೦೨೨ರ ಚುನಾವಣೆಯಲ್ಲಿ ನಗರದವರು ಎಷ್ಟು ಮಂದಿ ಮತ ಕೊಟ್ಟರು? ನೂರಕ್ಕೆ ೪೪ಕ್ಕಿಂತಲೂ ಕಡಿಮೆ. ಆ ವರ್ಷ ಮೇಯರ್ ಸ್ಥಾನ ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲಾಗಿತ್ತು. ಇಪ್ಪತ್ತೆಂಟು ವಯಸ್ಸಿನ ಆರ್. ಪ್ರಿಯಾ ಮಾರ್ಚ್ ೪ರಂದು ಅಧಿಕಾರ ವಹಿಸಿ, ಮೊದಲ ದಲಿತ ಮಹಿಳಾ ಮೇಯರ್ ಎನಿಸಿದರು. ಅಂಥ ಚಾರಿತ್ರಿಕ ದಿನಕ್ಕೆ ಕಾರಣವಾದ ಮತದಾನದಲ್ಲಿ ಅರ್ಧಕ್ಕಿಂತ ಹೆಚ್ಚು ನಗರ ಮನೆಯಲ್ಲಿಯೇ ಇದ್ದಿತು. ಆ ಮನೆಗಳಲ್ಲಿ ನಮ್ಮವೆಷ್ಟೋ!

ಬಾಡಿಗೆ ಮನೆಯಲ್ಲಿರುವವರು ತೆರಿಗೆ ತಮಗೆ ಸಂಬಂಧಿಸಿದುದಲ್ಲವೆಂದುಕೊಳ್ಳುತ್ತಾರೆ. ಮನೆಯ ಒಡೆಯನು ಅರ್ಧ ವರ್ಷಕ್ಕೊಮ್ಮೆ ಕಟ್ಟುವ ಆಸ್ತಿ ತೆರಿಗೆ ಬಾಡಿಗೆಯೊಳಗೇ ಸೇರಿಕೊಂಡಿರುತ್ತದೆ ಎಂಬುದು ಲೆಕ್ಕ ಬಲ್ಲವರಿಗೆ ಗೊತ್ತು. ೧೯೭೮ರಿಂದ ನೀರಿನ ಸರಬರಾಜು ಬೇರೆ ಮಂಡಳಿಗೆ ಹೋಗಿದ್ದರೂ, ಬೀದಿಯ ದೀಪ, ರಸ್ತೆ, ಕಸ, ಮಳೆನೀರಿನ ಚರಂಡಿ, ಉದ್ಯಾನ, ಪೌರಸಭೆಯ ಶಾಲೆ, ಮಗು ಹುಟ್ಟಿದಾಗ ಬೇಕಾಗುವ ಪ್ರಮಾಣಪತ್ರ, ಇವೆಲ್ಲ ಆ ಸಭೆಯ ಕೆಲಸಗಳೇ. ಚರಂಡಿ ಕಟ್ಟಿಕೊಂಡರೆ ನೀರು ನುಗ್ಗುವುದು ಮನೆಯವರ ಮಾತೃಭಾಷೆ ಯಾವುದೆಂದು ಕೇಳಿಕೊಂಡಲ್ಲ.

ಮತದ ಹಕ್ಕಿಗೂ ಭಾಷೆಯ ಷರತ್ತಿಲ್ಲ. ಹದಿನೆಂಟು ತುಂಬಿ, ಇಲ್ಲಿ ಸಾಮಾನ್ಯವಾಗಿ ವಾಸವಾಗಿದ್ದು, ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಊರಿನಲ್ಲಿ ಉಳಿದಿರುವ ಹೆಸರನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಲು ೮ನೆಯ ನಮೂನೆಯ ಅರ್ಜಿಯುಂಟು. ಎರಡು ಕಡೆ ಹೆಸರಿಟ್ಟುಕೊಳ್ಳುವುದು ಮಾತ್ರ ಕಾನೂನಿಗೆ ವಿರುದ್ಧ. ವಿಧಾನಸಭೆಯ ಪಟ್ಟಿಯ ಆಧಾರದ ಮೇಲೆಯೇ ವಾರ್ಡಿನ ಪಟ್ಟಿ ತಯಾರಾಗುವುದರಿಂದ ಚುನಾವಣೆ ಸಾರಿದ ಮೇಲೆ ಓಡಾಡಿದರೆ ಪ್ರಯೋಜನ ಸಾಲದು. ಈಗಿರುವ ಪದ್ಧತಿಯಲ್ಲಿ ನಾವು ವಾರ್ಡಿನ ಸದಸ್ಯನನ್ನು ಆರಿಸುತ್ತೇವೆ, ಅಂಥ ೨೦೦ ಮಂದಿ ಸೇರಿ ಮೇಯರನ್ನು ಆರಿಸುತ್ತಾರೆ. ಲೋಕಸಭೆಯ ಕ್ಷೇತ್ರದಲ್ಲಿ ಲಕ್ಷಗಟ್ಟಲೆ ಮತಗಳ ನಡುವೆ ಕರಗಿಹೋಗುವ ನಮ್ಮ ಕೆಲವೇ ಮನೆಗಳ ಮತ ವಾರ್ಡಿನಲ್ಲಿ ಎಣಿಕೆಗೆ ಬರುವಷ್ಟಾದರೂ ಇರುತ್ತದೆ. ೨೦೨೨ರಲ್ಲಿ ಕೂಡಿದ ಸಭೆಯ ಐದು ವರ್ಷ ೨೦೨೭ರ ಮಾರ್ಚಿಗೆ ತುಂಬುತ್ತದೆ.

ಮತ ಕೊಟ್ಟವರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ಮೈಸೂರಿನಲ್ಲಿ. ೧೯೩೭ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಬಣ್ಣದ ಕಾರ್ಖಾನೆಯದು ಅದು. ೧೯೬೨ರ ಮಹಾಚುನಾವಣೆಯಿಂದ ದೇಶದಾದ್ಯಂತ ಜನರ ಬೆರಳಿಗೆ ಅದೇ ಗುರುತು. ಕನ್ನಡನಾಡಿನ ಶಾಯಿ ಈ ಊರಿನ ಚುನಾವಣೆಗೆ ಬೇಕಾದವಸ್ತುವಾಗಿರುವಾಗ, ಕನ್ನಡನಾಡಿನಿಂದ ಬಂದ ನಾವು ಮನೆಯಲ್ಲಿ ಕುಳಿತಿರುವುದು ಚೆನ್ನಾಗಿ ಕಾಣದು. ರಾಜ್ಯೋತ್ಸವದ ದಿನ ನುಡಿಯನ್ನು ನೆನೆಯೋಣ. ಮಾರನೆಯ ದಿನ ಮತದಾರರ ಪಟ್ಟಿಯಲ್ಲಿ ಮನೆಮಂದಿಯ ಹೆಸರುಗಳಿವೆಯೇ ಎಂದು ಒಮ್ಮೆ ನೋಡಿ ಬರೋಣ.